ಸೆಕೆಂಡ್ ಹ್ಯಾಂಡ್ ಪ್ರೆಶರ್ ವಾಷರ್: ಕೆಲಸಕ್ಕೆ ಇಳಿಸುವ ಮೊದಲು ಮಾಡಿದ ದುರಸ್ತಿ

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಅದು ನಿಂತ ಮೇಲೆ ನಮ್ಮ ಕೆಲಸ ಶುರುವಾಗುತ್ತದೆ. ಅಪಾರ್ಟ್‌ಮೆಂಟುಗಳ ಇಂಟರ್‌ಲಾಕ್ ಅಂಗಳ, ಕೆಂಪುಕಲ್ಲಿನ ಕಂಪೌಂಡು, ಟೆರೇಸು, ಬೇಸ್‌ಮೆಂಟಿನ ಪಾರ್ಕಿಂಗು, ಹೀಗೆ ಪಾಚಿ ಹಿಡಿದ ಜಾಗಗಳನ್ನು ತೊಳೆದುಕೊಡುವ ಮೂವರ ತಂಡ ನಮ್ಮದು. ನೀರನ್ನು ಭಾರಿ ಒತ್ತಡದಲ್ಲಿ ಚಿಮ್ಮಿಸಿ ತೊಳೆಯುವ ಪ್ರೆಶರ್ ವಾಷರ್ ಇದ್ದದ್ದು ಒಂದೇ, ಅದು ಸಾಲದೆ ಹೋದದ್ದರಿಂದ ಈ ಸಲ, ಬಾಗಿಲು ಮುಚ್ಚಿದ ಒಂದು ವಾಟರ್ ಸರ್ವಿಸ್ ಅಂಗಡಿಯಿಂದ ಹಳೆಯ ಯಂತ್ರವೊಂದನ್ನು 18,000 ರೂಪಾಯಿಗೆ ಕೊಂಡೆ. 3 ಎಚ್‌ಪಿಯ ಸಿಂಗಲ್ ಫೇಸ್ ಮೋಟಾರು, ಬೆಲ್ಟಿನಿಂದ ತಿರುಗುವ ಮೂರು ಪ್ಲಂಜರಿನ (ನೀರು ತಳ್ಳುವ ದಂಡ) ಪಂಪು. ಪಂಪಿನ ತಗಡಿನ ಮೇಲೆ 130 ಬಾರ್, ನಿಮಿಷಕ್ಕೆ 8 ಲೀಟರ್ ಎಂದು ಕೊರೆದಿದೆ. ಸ್ಕೂಟರಿನ ಟಯರಿನಲ್ಲಿರುವ ಗಾಳಿಯ ಒತ್ತಡ ಸುಮಾರು 2 ಬಾರ್ ಎಂಬುದನ್ನು ನೆನಪಿಟ್ಟುಕೊಂಡರೆ ಈ ಸಂಖ್ಯೆಯ ಅರ್ಥ ತಿಳಿಯುತ್ತದೆ.

"ರನ್ನಿಂಗ್ ಕಂಡೀಷನ್" ಎಂದು ಹೇಳಿ ಕೊಟ್ಟಿದ್ದರು, ಅದು ಸುಳ್ಳಾಗಿರಲಿಲ್ಲ. ಶೆಡ್ಡಿಗೆ ತಂದು ಸ್ವಿಚ್ಚು ಹಾಕಿದೊಡನೆ ಓಡಿತು, ನೀರೂ ಬಂತು. ಹೋಸಿನ ತುದಿಯ, ನೀರು ಚಿಮ್ಮಿಸುವ ಗನ್ ಹಿಡಿದಿದ್ದ ನಮ್ಮ ಹುಡುಗ ಅರ್ಧ ನಿಮಿಷವಾಗುವಷ್ಟರಲ್ಲಿ, "ಅಣ್ಣಾ, ಕೈ ಜುಮ್ ಅಂತ ಆಗ್ತದೆ" ಎಂದು ಅದನ್ನು ನೆಲಕ್ಕೆ ಬಿಟ್ಟ. ಬಿಟ್ಟ ಗನ್ ಸುಮ್ಮನೆ ಬೀಳಲಿಲ್ಲ. ನೀರು ಚಿಮ್ಮಿಸುತ್ತಲೇ ಬಾಲ ತುಳಿದ ಹಾವಿನಂತೆ ನೆಲದ ಮೇಲೆ ಹೊರಳಾಡಿತು. ನಾನು ಓಡಿ ಮೇನ್ ಸ್ವಿಚ್ ಇಳಿಸಿದ ಮೇಲೆ ನೋಡಿದರೆ, ಟ್ರಿಗರ್ ತಾನಾಗಿ ಮುಚ್ಚಿಕೊಳ್ಳದಂತೆ ಅದರ ಸುತ್ತ ಸೈಕಲ್ ಟ್ಯೂಬಿನ ಪಟ್ಟಿಯೊಂದನ್ನು ಬಿಗಿದು ಕಟ್ಟಲಾಗಿತ್ತು. ಕಪ್ಪು ಗನ್ನಿನ ಮೇಲೆ ಕಪ್ಪು ಪಟ್ಟಿ, ಕೊಳ್ಳುವಾಗ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನೋಡದೆ ಹುಡುಗನ ಕೈಗೆ ಕೊಟ್ಟದ್ದು ನನ್ನ ತಪ್ಪೇ.

ಆ ಸಂಜೆ ಯಂತ್ರವನ್ನು ಪೂರ್ತಿ ಬಿಚ್ಚಿ ಚಾಪೆಯ ಮೇಲೆ ಹರಡಿದಾಗ ಒಂದು ವಿಷಯ ಸ್ಪಷ್ಟವಾಯಿತು. ಯಂತ್ರ ಕೆಟ್ಟಿರಲಿಲ್ಲ, ಅದರಲ್ಲಿ ಮನುಷ್ಯನನ್ನು ಕಾಯಲೆಂದು ಇದ್ದ ಭಾಗಗಳನ್ನು, ಕಿರಿಕಿರಿ ಎನಿಸಿದಾಗಲೆಲ್ಲ ಒಂದೊಂದಾಗಿ ಯಾರೋ ನಿಲ್ಲಿಸಿಬಿಟ್ಟಿದ್ದರು. ಆದ್ದರಿಂದ ನನ್ನ ದುರಸ್ತಿಯ ಪಟ್ಟಿ ಬೇರೆಯೇ ಆಯಿತು. ನೀರು ಜೋರಾಗಿ ಬರುವಂತೆ ಮಾಡುವುದು ಅದರ ಕೊನೆಗೆ ಹೋಯಿತು.

ಮೊದಲು ಹಿಡಿದದ್ದು ಕರೆಂಟಿನ ದಾರಿಯನ್ನು. ಮೂರು ಪಿನ್ನಿನ ಪ್ಲಗ್ ಬಿಚ್ಚಿದರೆ ಎರಡೇ ವೈರು. ಹಸಿರು ವೈರನ್ನು, ಅಂದರೆ ಅರ್ತನ್ನು, ಕವಚದ ಬುಡದಲ್ಲೇ ಕತ್ತರಿಸಿ ಟೇಪು ಸುತ್ತಿದ್ದರು. ಮೋಟಾರಿನ ಟರ್ಮಿನಲ್ ಬಾಕ್ಸಿನಲ್ಲಿ ಅರ್ತ್ ಸ್ಕ್ರೂ ಖಾಲಿಯಾಗಿತ್ತು, ಮುಚ್ಚಳದ ಗ್ಯಾಸ್ಕೆಟ್ ಇರಲಿಲ್ಲ, ಒಳಗಿನ ಗೋಡೆಯ ಮೇಲೆ ನೀರು ಇಳಿದ ಬಿಳಿ ಗೆರೆಗಳು ಕಾಣುತ್ತಿದ್ದವು. 500 ವೋಲ್ಟಿನ ಮೆಗ್ಗರ್ ಹಚ್ಚಿ ವೈಂಡಿಂಗಿಗೂ (ಒಳಗಿನ ತಂತಿಯ ಸುತ್ತು) ಮೋಟಾರಿನ ಮೈಗೂ ನಡುವಿನ ಇನ್ಸುಲೇಷನ್ ಅಳೆದಾಗ ಸಿಕ್ಕಿದ್ದು 0.05 ಮೆಗಾಓಮ್. ಕನಿಷ್ಠ 1 ಮೆಗಾಓಮ್ ಆದರೂ ಇರಬೇಕಾದ ಕಡೆ ಇದು ಇಪ್ಪತ್ತರಲ್ಲಿ ಒಂದು ಪಾಲು. ಲೆಕ್ಕ ಹಾಕಿದರೆ 230 ವೋಲ್ಟಿಗೆ ಹೆಚ್ಚೆಂದರೆ 4.6 ಮಿಲಿಆಂಪಿಯರ್ ಸೋರಿಕೆ. ಹುಡುಗನ ಕೈ ಜುಮ್ಮೆಂದದ್ದು ಅದರಿಂದ, ಕರೆಂಟು ಸೋರಿದರೆ ತಾನಾಗಿ ಕಡಿಯುವ ಸ್ವಿಚ್ಚಾದ, ನನ್ನ ಶೆಡ್ಡಿನ 30 ಮಿಲಿಆಂಪಿಯರ್ ಆರ್‌ಸಿಸಿಬಿ ಬೀಳದೆ ಉಳಿದದ್ದೂ ಅದರಿಂದಲೇ. ರಬ್ಬರಿನ ಹೋಸಿನಲ್ಲಿ ಕರೆಂಟು ಹೇಗೆ ಬರುತ್ತದೆ ಎಂದು ಅವನು ಕೇಳಿದ. ಹೋಸಿನೊಳಗೆ ಉಕ್ಕಿನ ತಂತಿಯ ಜಾಲರಿ ಇದೆ, ಅದು ಪಂಪಿನ ಮೈಯಿಂದ ಗನ್ನಿನ ತನಕ ನೇರವಾಗಿ ಹೋಗುತ್ತದೆ. ಅರ್ತ್ ವೈರು ಇದ್ದಿದ್ದರೆ ಈ ಸೋರಿಕೆ ಅದರಲ್ಲೇ ನೆಲಕ್ಕಿಳಿಯುತ್ತಿತ್ತು, ಮತ್ತು 30 ಮಿಲಿಆಂಪಿಯರಿನತ್ತ ಬೆಳೆದ ದಿನ, ಯಾರೂ ಮುಟ್ಟದಿದ್ದರೂ ಆರ್‌ಸಿಸಿಬಿ ಬೀಳುತ್ತಿತ್ತು. ಅರ್ತ್ ಕತ್ತರಿಸಿದ ಮೇಲೆ ಆ ಸೋರಿಕೆಗೆ ಉಳಿಯುವ ದಾರಿ ಗನ್ ಹಿಡಿದವನ ಮೈ, ಅದೂ ಒದ್ದೆ ನೆಲದ ಮೇಲೆ ನಿಂತ ಮೈ.

ಅರ್ತ್ ಅನ್ನು ಕತ್ತರಿಸಿದ್ದೇಕೆ ಎಂಬುದಕ್ಕೆ ನನ್ನ ಊಹೆ ಇಷ್ಟೇ: ವೈಂಡಿಂಗ್ ಒದ್ದೆಯಾದಾಗ ಅಂಗಡಿಯ ಟ್ರಿಪ್ ಪದೇಪದೇ ಬೀಳುತ್ತಿದ್ದಿರಬೇಕು, ಅರ್ತ್ ತೆಗೆದೊಡನೆ ಬೀಳುವುದು ನಿಂತಿರಬೇಕು. ಗಂಟೆ ಬಾರಿಸುತ್ತಿದೆ ಎಂದು ಗಂಟೆಯನ್ನೇ ಕಿತ್ತಿಟ್ಟ ಹಾಗೆ.

ಮೋಟಾರಿನ ತಗಡಿನ ಮೇಲೆ ಐಪಿ55 ಎಂದಿತ್ತು, ದೂಳು, ನೀರನ್ನು ಎಷ್ಟು ತಡೆಯುತ್ತದೆ ಎಂಬುದರ ಗುರುತು ಅದು. ಇದನ್ನು ನಂಬಿ ಯಂತ್ರದ ಮೇಲೆಯೇ ಗನ್ ತಿರುಗಿಸಿ ತೊಳೆಯುವವರನ್ನು ನಾನು ಬಹಳ ನೋಡಿದ್ದೇನೆ. ಆ ಎರಡನೆಯ 5 ಹೇಳುವುದು ಮೂರು ಮೀಟರ್ ದೂರದಿಂದ, 6.3 ಮಿಲಿಮೀಟರ್ ನಳಿಕೆಯಲ್ಲಿ ನಿಮಿಷಕ್ಕೆ 12.5 ಲೀಟರ್ ಬರುವ ನೀರನ್ನು ತಡೆಯುತ್ತದೆ ಎಂದು. ಅಂದರೆ ಹೆಚ್ಚುಕಡಿಮೆ ತೋಟಕ್ಕೆ ಬಿಡುವ ಪೈಪಿನ ನೀರು. ಹತ್ತಿರದಿಂದ ಬೀಳುವ 80ರಿಂದ 100 ಬಾರಿನ ಬಿಸಿನೀರಿನ ಪರೀಕ್ಷೆಗೆ ಬೇರೆ ಗುರುತೇ ಇದೆ, ಅದರ ಅಂಕಿ 9. ನಮ್ಮ ಮೋಟಾರಿಗೆ ಅದು ಇಲ್ಲ. ಈಗ ಯಂತ್ರದ ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸುವುದು ಮಾತ್ರ.

ವೈಂಡಿಂಗ್ ಇರುವ ಭಾಗವಾದ ಸ್ಟೇಟರನ್ನು ಎರಡು ದಿನ ಬಿಸಿಲಿಗಿಟ್ಟು, ರಾತ್ರಿ ರಟ್ಟಿನ ಪೆಟ್ಟಿಗೆಯಲ್ಲಿ 100 ವ್ಯಾಟಿನ ಬಲ್ಬಿನ ಜೊತೆ ಮುಚ್ಚಿಟ್ಟೆ. ಆಮೇಲೆ ವೈಂಡಿಂಗ್ ಅಂಗಡಿಯಲ್ಲಿ ವಾರ್ನಿಷ್ ಹಾಕಿಸಿ, ಬೇರಿಂಗ್ ಬದಲಿಸಿ ತಂದು ಮೆಗ್ಗರ್ ಹಚ್ಚಿದರೆ 40 ಮೆಗಾಓಮ್ ತೋರಿಸಿತು. ಹೊಸ ಕೇಬಲ್ ಮೂರು ಕೋರಿನದು, 2.5 ಚದರ ಮಿಲಿಮೀಟರಿನ ತಾಮ್ರ, ರಬ್ಬರ್ ಹೊದಿಕೆ, ಉದ್ದ 30 ಮೀಟರ್. ಅಂಗಡಿಯವರು 1.5 ಸಾಕು ಎಂದರು. ಈ ಮೋಟಾರು ಸುಮಾರು 14 ಆಂಪಿಯರ್ ಎಳೆಯುತ್ತದೆ. 30 ಮೀಟರಿನಲ್ಲಿ 1.5ರ ವೈರಿಗೆ 12 ವೋಲ್ಟ್ ಕಳೆದುಹೋಗುತ್ತದೆ, 2.5ಕ್ಕೆ ಏಳೂವರೆ. ಹೊರಡುವ ಗಳಿಗೆಯಲ್ಲಿ ಕರೆಂಟು ಹಲವು ಪಟ್ಟು ಏರುವಾಗ ಈ ವ್ಯತ್ಯಾಸವೇ ಮೋಟಾರು ಹೊರಡುತ್ತದೋ ಗುಂಯ್‌ಗುಟ್ಟುತ್ತ ಸುಡುತ್ತದೋ ಎಂಬುದನ್ನು ತೀರ್ಮಾನಿಸುತ್ತದೆ. ಪ್ಲಗ್ಗಿನ ಅರ್ತ್ ಪಿನ್ನಿನಿಂದ ಗನ್ನಿನ ಲೋಹದ ತುದಿಯವರೆಗೆ ಮಲ್ಟಿಮೀಟರಿನಲ್ಲಿ ಅಳೆದಾಗ ಅರ್ಧ ಓಮಿಗಿಂತ ಕಡಿಮೆ ಬಂದ ಮೇಲೆಯೇ ಟರ್ಮಿನಲ್ ಬಾಕ್ಸಿಗೆ ಹೊಸ ಗ್ಯಾಸ್ಕೆಟ್ ಇಟ್ಟು ಮುಚ್ಚಿದೆ.

ಆರ್‌ಸಿಸಿಬಿಯನ್ನು ಯಂತ್ರದ ಮೇಲೆ ಕೂರಿಸಲಿಲ್ಲ. ನೀರಿನಲ್ಲಿ ಎಳೆದಾಡಿ, ಕಾರಿನ ಚಕ್ರ ಹತ್ತಿ, ಮೊದಲು ಹರಿಯುವುದು ಕೇಬಲ್. ಯಂತ್ರದ ಬಳಿ ಕಾವಲು ಇಟ್ಟರೆ ಆ 30 ಮೀಟರ್ ಕಾವಲಿನ ಹೊರಗೆ ಉಳಿಯುತ್ತದೆ. ಹಾಗಾಗಿ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಕರೆಂಟು ಮಿತಿಮೀರಿದರೆ ಕಡಿಯುವ ಎಂಸಿಬಿ, ನೀರು ತಡೆಯುವ ಇಂಡಸ್ಟ್ರಿಯಲ್ ಸಾಕೆಟ್ ಜೋಡಿಸಿ, ಅದು ಗೋಡೆಯ ಸಾಕೆಟ್ಟಿನ ಬುಡದಲ್ಲೇ ಒಣ ಜಾಗದಲ್ಲಿ ನೇತಾಡುವಂತೆ ಮಾಡಿದೆ. 30 ಮಿಲಿಆಂಪಿಯರ್ ಸೋರಿದರೆ 0.3 ಸೆಕೆಂಡಿನೊಳಗೆ, ಅದರ ಐದು ಪಟ್ಟು ಸೋರಿದರೆ 0.04 ಸೆಕೆಂಡಿನೊಳಗೆ ಅದು ಕಡಿಯಬೇಕು. ಪ್ರತಿ ದಿನ ಗನ್ ಮುಟ್ಟುವ ಮೊದಲು ಅದರ ಟೆಸ್ಟ್ ಬಟನ್ ಒತ್ತುತ್ತೇವೆ. ಗಿರಾಕಿಯ ಸಾಕೆಟ್ಟಿನಲ್ಲಿ ಅರ್ತ್ ಇದೆಯೇ ಎಂದು ನೋಡಲು ಮೂರು ದೀಪದ ಸಣ್ಣ ಟೆಸ್ಟರ್ ಜೇಬಿನಲ್ಲಿರುತ್ತದೆ. ಪ್ಲಗ್ ಕೂರದಿದ್ದರೆ ವೈರಿನ ತುದಿ ಸುಲಿದು ಬೆಂಕಿಕಡ್ಡಿ ಸಿಕ್ಕಿಸಿ ಕರೆಂಟು ತೆಗೆಯುವ ಹಳೆಯ ವಿದ್ಯೆ ನನಗೂ ಬರುತ್ತದೆ. ಆ ಕಡ್ಡಿಯ ಜಾಗದಲ್ಲಿ ಅರ್ತ್ ಎಂಬುದಕ್ಕೆ ಎಡೆಯೇ ಇಲ್ಲ.

ಕರೆಂಟಿನ ಕೆಲಸ ಮುಗಿದ ಮೇಲೆ ನೀರಿನ ಬದಿಗೆ ಬಂದೆ. ಪಂಪಿನಿಂದ ನೀರು ಹೊರಡುವ ಕಡೆ 250 ಬಾರಿನ ಗೇಜ್ ಕೂರಿಸಿ, ಗನ್ ತೆರೆದಿಟ್ಟು ನೋಡಿದರೆ 95 ಬಾರ್. ಅದೇ ನೀರನ್ನು 10 ಲೀಟರಿನ ಬಕೆಟ್ಟಿಗೆ ಹಿಡಿದರೆ 75 ಸೆಕೆಂಡಿನಲ್ಲಿ ತುಂಬಿತು, ಅಂದರೆ ನಿಮಿಷಕ್ಕೆ ಸರಿಯಾಗಿ 8 ಲೀಟರ್. ಪಂಪು ತನ್ನ ಪಾಲಿನ ನೀರನ್ನು ಪೂರ್ತಿ ಕೊಡುತ್ತಿದೆ, ಒತ್ತಡ ಮಾತ್ರ ಏರುತ್ತಿಲ್ಲ. ಹಾಗಿದ್ದರೆ ಸವೆದಿರುವುದು ನಾಜಲ್, ಅಂದರೆ ಗನ್ನಿನ ತುದಿಯಲ್ಲಿ ನೀರು ಹೊರಬರುವ ಬಾಯಿ. 03 ಅಳತೆಯ ನಾಜಲ್ಲಿನ ತೂತು ದೊಡ್ಡದಾಗಿ ಹೆಚ್ಚುಕಡಿಮೆ 035 ಆಗಿತ್ತು. ಇನ್ನೂರು ಮುನ್ನೂರು ರೂಪಾಯಿಯ ನಾಜಲ್ ಬದಲಿಸುವ ಬದಲು ಹಿಂದಿನವರು ಒತ್ತಡಕ್ಕೆ ಮಿತಿ ಹಾಕುವ ವಾಲ್ವಾದ ಅನ್‌ಲೋಡರಿನ ನಟ್ಟನ್ನು ತಳದ ತನಕ ತಿರುಗಿಸಿದ್ದರು, ಅದು ಅಲ್ಲೇ ತುಕ್ಕು ಹಿಡಿದು ಕೂತಿತ್ತು. ಗನ್ ಮುಚ್ಚಿದ ಕ್ಷಣ ಮುಳ್ಳು 200 ದಾಟಿ ಹಾರಿತು. ನಾನು ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡೇ ನೋಡಿದ್ದರಿಂದ ಬಚಾವಾದೆ.

ಅನ್‌ಲೋಡರ್ ಏನು ಮಾಡುತ್ತದೆ ಎಂಬುದನ್ನು ನಮ್ಮ ಕಸುಬಿನ ಬಹಳ ಜನ ತಿಳಿದುಕೊಂಡಿಲ್ಲ. ಪ್ಲಂಜರ್ ಪಂಪು ಬಾವಿಯ ಪಂಪಿನಂತೆ ನೀರನ್ನು ಒಳಗೇ ಸುತ್ತಿಸಿಕೊಂಡು ಕೂರುವುದಿಲ್ಲ. ಮೋಟಾರು ತಿರುಗುವ ತನಕ ಪ್ರತಿ ಸುತ್ತಿಗೂ ಇಷ್ಟು ನೀರನ್ನು ಹೊರಗೆ ತಳ್ಳಿಯೇ ತಳ್ಳುತ್ತದೆ. ಟ್ರಿಗರ್ ಬಿಟ್ಟಾಗ ಆ ನೀರಿಗೆ ಎಲ್ಲಾದರೂ ದಾರಿ ಬೇಕು. ಅನ್‌ಲೋಡರಿನ ಸ್ಪ್ರಿಂಗು ಸೋತು, ನೀರನ್ನು ಹಿಂದಕ್ಕೆ ಬಿಡುವುದೇ ಆ ದಾರಿ. ಸ್ಪ್ರಿಂಗನ್ನು ಅದುಮಿ ಕೂರಿಸಿದರೆ ದಾರಿ ಹುಡುಕುವ ನೀರು ಹೋಸಿನ ಅತ್ಯಂತ ದುರ್ಬಲ ಜಾಗವನ್ನು ಹುಡುಕುತ್ತದೆ, ಆ ಜಾಗ ಬಹುತೇಕ ಗನ್ನಿನ ಬುಡದಲ್ಲಿ, ಅಂದರೆ ಮನುಷ್ಯನ ಮಣಿಕಟ್ಟಿನ ಪಕ್ಕದಲ್ಲಿರುತ್ತದೆ.

ಹೊಸ ಅನ್‌ಲೋಡರ್, ಹೊಸ 03 ನಾಜಲ್ ಹಾಕಿ, ನಟ್ಟನ್ನು ಪೂರ್ತಿ ಸಡಿಲಿಸಿಕೊಂಡು, ಗನ್ ತೆರೆದಿರುವಾಗಲೇ ಕಾಲು ಸುತ್ತಿನಂತೆ ಬಿಗಿಯುತ್ತ 130 ಬಾರಿಗೆ ತಂದು ನಿಲ್ಲಿಸಿದೆ. ಗನ್ ಮುಚ್ಚಿದಾಗ ಮುಳ್ಳು 142ಕ್ಕೆ ಜಿಗಿದು ಕೆಳಗಿಳಿಯಿತು. ಇಷ್ಟು ಜಿಗಿತ ಸಹಜ. ನಟ್ಟಿನಿಂದ ಮೈಯ ಮೇಲೆ ಹಾಯುವಂತೆ ಹಳದಿ ಪೇಂಟಿನ ಗೆರೆಯೊಂದನ್ನು ಎಳೆದೆ, ಯಾರಾದರೂ ತಿರುಗಿಸಿದರೆ ಗೆರೆ ಮುರಿಯುತ್ತದೆ. ಅನ್‌ಲೋಡರ್ ಅಂಟಿಕೊಂಡರೆ ಇರಲೆಂದು 150 ಬಾರಿಗೆ ತೆರೆಯುವ ರಿಲೀಫ್ ವಾಲ್ವ್ ಒಂದನ್ನೂ ಸೇರಿಸಿದೆ. ಹಿಂದೆ ಬರುವ ನೀರು ಪಂಪಿನ ಬಾಯಿಗೇ ಹೋದರೆ ಅದೇ ನೀರು ಸುತ್ತಿ ಸುತ್ತಿ ಕೆಲವೇ ನಿಮಿಷಗಳಲ್ಲಿ ಕಾದು ಸೀಲುಗಳನ್ನು ತಿನ್ನುತ್ತದೆ; ಆದ್ದರಿಂದ ಅದನ್ನು 200 ಲೀಟರಿನ ಡ್ರಮ್ಮಿಗೆ ಬಿಟ್ಟಿದ್ದೇನೆ, ಪಂಪು ಎಳೆಯುವುದೂ ಅಲ್ಲಿಂದಲೇ.

ಹೋಸಿನ ಕತೆ ಚಿಕ್ಕದು. ಕ್ರಿಂಪಿನ ಬಳಿ, ಅಂದರೆ ಲೋಹದ ತುದಿಯನ್ನು ಅಮುಕಿ ಕೂರಿಸಿದ ಕಡೆ, ರಬ್ಬರ್ ಸುಲಿದು ತುಕ್ಕಿನ ತಂತಿ ಕಾಣುತ್ತಿತ್ತು, ಅದರ ಮೇಲೆ ಇನ್ಸುಲೇಷನ್ ಟೇಪು, ಟೇಪಿನ ಮೇಲೆ ಗ್ಯಾಸ್ ಪೈಪಿನ ಕ್ಲಿಪ್ಪು. ಕತ್ತರಿಸಿ ಗುಜರಿಗೆ ಹಾಕಿದೆ, ಇನ್ನೊಬ್ಬರು ಎತ್ತಿಕೊಂಡು ಹೋಗದಂತೆ ಮೂರು ತುಂಡು ಮಾಡಿ. ಹೊಸದು ಕಾಲಿಂಚಿನ ಒಂದು ಜಾಲರಿಯ ಹೋಸು, ಮೈಮೇಲೆ 225 ಬಾರ್ ಎಂದು ಅಚ್ಚಾಗಿದೆ. ಸಿಡಿಯುವ ಒತ್ತಡ ಅದರ ನಾಲ್ಕು ಪಟ್ಟು. ಬೆಲ್ಟಿಗೆ ಗಾರ್ಡ್ ಇರಲಿಲ್ಲ, ಜಾಲರಿ ಬೆಸೆಸಿ ಹಾಕಿದೆ. ನಮ್ಮಲ್ಲಿ ಲುಂಗಿ ಉಟ್ಟು ಯಂತ್ರದ ಬಳಿ ಬಗ್ಗುವವರು ಇದ್ದಾರೆ. ಪಂಪಿನ ಆಯಿಲ್ ಹಾಲು ಬೆರೆಸಿದ ಕಾಫಿಯಂತಾಗಿತ್ತು, ನೀರು ಸೇರಿದ ಲಕ್ಷಣ ಅದು. ಮೂರೂ ಪ್ಲಂಜರಿನ ಸೀಲು ಬದಲಿಸಿ, ಆರೂ ವಾಲ್ವುಗಳನ್ನು ತೆಗೆದು ಮರಳು ತೊಳೆದು, ಕೈಪಿಡಿ ಹೇಳಿದ ಆಯಿಲ್ ತುಂಬಿದೆ.

ದುರಸ್ತಿ ಮುಗಿದ ಮರುದಿನ ಬೆಳಿಗ್ಗೆ ಹುಡುಗರಿಬ್ಬರನ್ನೂ ನಿಲ್ಲಿಸಿ ಒಂದು ಮಂಗಳೂರು ಸೌತೆಯನ್ನು ಕಲ್ಲಿನ ಮೇಲೆ ಇಟ್ಟೆ. ಕೆಂಪು ನಾಜಲ್, ಅಂದರೆ ಸೊನ್ನೆ ಡಿಗ್ರಿಯದು, ಒಂದು ಗೇಣಿನ ದೂರದಿಂದ ಒಂದೇ ಕ್ಷಣ. ಸಿಪ್ಪೆಯ ಮೇಲೆ ಸಾಸಿವೆ ಕಾಳಿನಷ್ಟು ತೂತು, ಅಷ್ಟೇ. "ಏನೂ ಆಗಿಲ್ಲ" ಎಂದು ಒಬ್ಬ ನಕ್ಕ. ಚಾಕು ತೆಗೆದು ಸೀಳಿದೆ. ತೂತಿನ ಹಿಂದೆ ತಿರುಳು ಬೆರಳು ಹೋಗುವಷ್ಟು ಅಗಲಕ್ಕೆ ಹರಿದು ಗಂಜಿಯಾಗಿತ್ತು, ಬೀಜಗಳೆಲ್ಲ ಆಚೆ ಬದಿಗೆ ಹೋಗಿ ಅಂಟಿದ್ದವು. ಆಮೇಲೆ ಯಾರೂ ನಗಲಿಲ್ಲ.

ಬೆರಳಿಗೆ ಆಗುವುದೂ ಹೀಗೆಯೇ. ಹೊರಗೆ ಸಣ್ಣ ಚುಚ್ಚು, ಮೊದಮೊದಲು ನೋವೂ ಹೆಚ್ಚಿರುವುದಿಲ್ಲ. ಒಳಗೆ ನೀರು, ಕೊಳೆ, ಸೋಪು ಸ್ನಾಯುರಜ್ಜುಗಳ ಪಕ್ಕದಲ್ಲಿ ಹರಿದು ಹರಡಿರುತ್ತದೆ. ಟಿ.ಟಿ. ಇಂಜೆಕ್ಷನ್ ಹಾಕಿಸಿ ಪಟ್ಟಿ ಕಟ್ಟಿ ಮನೆಗೆ ಕಳಿಸುವ ಗಾಯ ಇದಲ್ಲ. ಕೂಡಲೇ ಶಸ್ತ್ರಚಿಕಿತ್ಸೆಯ ವ್ಯವಸ್ಥೆ ಇರುವ ಆಸ್ಪತ್ರೆಗೆ ಹೋಗಬೇಕು, "ಹೈ ಪ್ರೆಶರ್ ನೀರು ಚರ್ಮದೊಳಗೆ ಹೊಕ್ಕಿದೆ" ಎಂದು ಬಾಯಿ ಬಿಟ್ಟು ಹೇಳಬೇಕು, ನೀರಿನಲ್ಲಿ ಯಾವ ಕೆಮಿಕಲ್ ಇತ್ತೆಂಬುದನ್ನೂ ಹೇಳಬೇಕು. ಈ ಮಾತುಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಲ್ಯಾಮಿನೇಟ್ ಮಾಡಿಸಿ ಯಂತ್ರದ ಹಿಡಿಗೆ ಕಟ್ಟಿದ್ದೇನೆ. ಆ ಹೊತ್ತಿನಲ್ಲಿ ವಿವರಿಸುವ ಸಮಾಧಾನ ಯಾರಿಗೂ ಇರುವುದಿಲ್ಲ. ಕೆಂಪು ನಾಜಲನ್ನು ಪೆಟ್ಟಿಗೆಯಿಂದಲೇ ತೆಗೆದುಬಿಟ್ಟೆ. ಇಂಟರ್‌ಲಾಕಿಗೆ 25 ಡಿಗ್ರಿಯ ಹಸಿರು, ಕೆಂಪುಕಲ್ಲಿಗೆ 40ರ ಬಿಳಿ ಸಾಕು. ಕೆಂಪುಕಲ್ಲಿನ ಮೈಯಂತೂ ಸೊನ್ನೆ ಡಿಗ್ರಿಗೆ ಬೆಲ್ಲದಂತೆ ಕರಗುತ್ತದೆ.

ಮೊದಲ ಕೆಲಸ ಒಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್. ಕರೆಂಟಿನ ಕಾಟವೇ ಬೇಡ, ಪೆಟ್ರೋಲ್ ಇಂಜಿನಿನ ಯಂತ್ರ ಬಾಡಿಗೆಗೆ ತನ್ನಿ ಎಂದು ಅಲ್ಲಿನ ಮೇಲ್ವಿಚಾರಕರು ಸಲಹೆ ಕೊಟ್ಟರು. ನೆಲದಡಿಯ ಜಾಗಕ್ಕೆ ಪೆಟ್ರೋಲ್ ಇಂಜಿನ್ ಒಯ್ಯುವುದಿಲ್ಲ ಎಂದೆ. ಇಂಜಿನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತಿತೆಂದು ತಿಳಿಯುವ ಹೊತ್ತಿಗೆ ಹತ್ತಿ ಬರಲು ಕಾಲು ಕೇಳುವುದಿಲ್ಲ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯಾದ ನಿಯಾಶ್ 1996ರಲ್ಲಿ ಸಣ್ಣ ಪೆಟ್ರೋಲ್ ಇಂಜಿನುಗಳ ಬಗ್ಗೆ ಹೊರಡಿಸಿದ ಎಚ್ಚರಿಕೆಯಲ್ಲಿ ನಮ್ಮದೇ ಕಸುಬಿನ ಎರಡು ಪ್ರಕರಣಗಳಿವೆ: 11 ಎಚ್‌ಪಿಯ ಪ್ರೆಶರ್ ವಾಷರಿನಿಂದ ಕೊಟ್ಟಿಗೆ ತೊಳೆಯುತ್ತಿದ್ದ ರೈತರೊಬ್ಬರು ಸುಮಾರು 30 ನಿಮಿಷದಲ್ಲಿ ಕುಸಿದು ತೀರಿಕೊಂಡರು, ಗಾಳಿಯಾಡದ ನೆಲದಡಿಯ ಪಾರ್ಕಿಂಗಿನಲ್ಲಿ 8 ಎಚ್‌ಪಿಯ ಎರಡು ಯಂತ್ರ ನಡೆಸಿದ ಐವರು ಕೆಲಸಗಾರರಿಗೆ ಚಿಕಿತ್ಸೆ ಬೇಕಾಯಿತು. ಮೇಲ್ವಿಚಾರಕರಿಗೆ ಎರಡನೆಯದನ್ನು ಹೇಳಿದೆ. ಪಂಪ್ ರೂಮಿನ 16 ಆಂಪಿಯರ್ ಸಾಕೆಟ್ ಬಿಡಿಸಿಕೊಟ್ಟರು.

ಅಲ್ಲಿಯೇ ಇನ್ನೂ ಮೂರು ಕೆಲಸ ಕೇಳಿದರು, ಎರಡನ್ನು ಬಿಟ್ಟೆ. ಶೆಡ್ಡಿನ ಹಳೆಯ ಆಸ್ಬೆಸ್ಟಾಸ್ ಶೀಟಿನ ಪಾಚಿ ತೆಗೆಯುವುದು ಒಂದು. ಆ ಶೀಟು ಕಾಲಿಟ್ಟರೆ ಮುರಿಯುತ್ತದೆ ಎಂಬುದು ಒಂದು ಕಡೆಗಿರಲಿ, ಪ್ರೆಶರ್ ನೀರು ಅದರ ಮೈಯನ್ನು ಕೆತ್ತಿ ಕ್ಯಾನ್ಸರ್ ತರುವ ಎಳೆಗಳನ್ನು ಬಿಡಿಸುತ್ತದೆ, ನೀರು ಒಣಗಿದ ಮೇಲೆ ಅವು ಗಾಳಿಗೇರುತ್ತವೆ. ಏಣಿ ಹತ್ತಿ ಎರಡನೆಯ ಮಹಡಿಯ ಛಜ್ಜಾ ತೊಳೆಯುವುದು ಇನ್ನೊಂದು. ಈ ಯಂತ್ರದ ಗನ್ ಹಿಂದಕ್ಕೆ ತಳ್ಳುವ ಬಲ ಸುಮಾರು 2.2 ಕೆ.ಜಿ.ಯ ತೂಕದಷ್ಟು, ನೆಲದ ಮೇಲೆ ಅದು ಏನೂ ಅಲ್ಲ, ಒದ್ದೆ ಏಣಿಯ ತುದಿಯಲ್ಲಿ ಟ್ರಿಗರ್ ಒತ್ತಿದ ಕ್ಷಣ ಎದೆಗೆ ಕೊಡುವ ನೂಕು ಅದು. ಕಸದ ಕೋಣೆಯನ್ನು ಮಾತ್ರ ಒಪ್ಪಿಕೊಂಡೆವು. ಇಲಿ ಓಡಾಡುವ ಜಾಗ, ಕರಾವಳಿಯಲ್ಲಿ ಇಲಿಜ್ವರ ಹೊಸದಲ್ಲ. ಗಂಬೂಟು, ಗ್ಲೌಸು, ಮುಖಕ್ಕೆ ಶೀಲ್ಡ್ ಇಲ್ಲದವರೂ, ಕಾಲಿನಲ್ಲಿ ಗಾಯವಿದ್ದವರೂ ಒಳಗೆ ಕಾಲಿಡುವಂತಿಲ್ಲ ಎಂದು ಮೊದಲೇ ಹೇಳಿದೆ. ಅಲ್ಲಿನ ಸ್ವಚ್ಛತೆಯ ಸಿಬ್ಬಂದಿ ನೆಲಕ್ಕೆ ಬ್ಲೀಚಿಂಗ್ ಪೌಡರ್ ಚೆಲ್ಲಿ ಇಟ್ಟಿದ್ದರು, ಕೈಯಲ್ಲಿ ಟೈಲ್ಸಿನ ಆಸಿಡ್ ಬಾಟಲಿಯೂ ಇತ್ತು. ಎರಡೂ ಸೇರಿದರೆ ಏಳುವುದು ಕ್ಲೋರಿನ್ ಅನಿಲ. ಬಾಟಲಿಯನ್ನು ಹೊರಗಿಡಿಸಿ, ಪೌಡರನ್ನು ಬರೀ ನೀರಿನಲ್ಲಿ ತೊಳೆದೆವು.

ದಿನದ ಕೊನೆಗೆ ನಿಲ್ಲಿಸುವ ಕ್ರಮವನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಸಿದೆ: ಮೊದಲು ಸ್ವಿಚ್ಚು, ಆಮೇಲೆ ಟ್ರಿಗರ್ ಒತ್ತಿ ಹೋಸಿನಲ್ಲಿ ಉಳಿದ ಒತ್ತಡ ಬಿಡುವುದು, ಆಮೇಲೆ ಪ್ಲಗ್ಗು, ಕೊನೆಗೆ ಹೋಸಿನ ಕಪ್ಲರ್. ಒತ್ತಡ ಬಿಡದೆ ಕಪ್ಲರ್ ಬಿಚ್ಚಿದರೆ ಅದು ಕೈಯಿಂದ ಹಾರುತ್ತದೆ. ಮೆಗ್ಗರ್ 38 ಮೆಗಾಓಮ್, ಹಳದಿ ಗೆರೆ ಮುರಿದಿಲ್ಲ, ಆಯಿಲ್ ಸ್ವಚ್ಛ ಎಂದು ಪುಸ್ತಕದಲ್ಲಿ ಬರೆದುಕೊಂಡೆ. ದುರಸ್ತಿಗೆ ಅಲ್ಲಿಗೆ 13,400 ರೂಪಾಯಿ ಆಗಿತ್ತು.

ಯಂತ್ರ ಕೆಲಸಕ್ಕಿಳಿದ ಮೂರನೆಯ ದಿನ ಹುಡುಗನ ಪ್ಯಾಂಟಿನ ಜೇಬಿನಿಂದ ಸೈಕಲ್ ಟ್ಯೂಬಿನ ಪಟ್ಟಿಯೊಂದು ನೆಲಕ್ಕೆ ಬಿತ್ತು. ಬೈಯಲು ಬಾಯಿ ತೆರೆದವನು ಅವನ ಬಲಗೈ ನೋಡಿ ಸುಮ್ಮನಾದೆ. ಬೆಳಿಗ್ಗೆಯಿಂದ ಟ್ರಿಗರ್ ಒತ್ತಿ ಹಿಡಿದು ತೋರುಬೆರಳು, ನಡುಬೆರಳು ಎರಡೂ ಬಾಗಿದ ಹಾಗೆಯೇ ನಿಂತಿದ್ದವು, ಬಿಡಿಸಲು ಎಡಗೈ ಬೇಕಾಯಿತು. ಗನ್ ತೆಗೆದುಕೊಂಡು ನಾನೇ ಇಪ್ಪತ್ತು ನಿಮಿಷ ತೊಳೆದೆ, ನನ್ನ ಕೈಯೂ ಮರಗಟ್ಟಿತು. ಆ ಸಂಜೆಯೇ ಸಣ್ಣ ಒತ್ತಿಗೆ ತೆರೆದುಕೊಳ್ಳುವ, ಬಿಟ್ಟೊಡನೆ ಮುಚ್ಚುವ ಬೇರೆ ಗನ್ ಆರ್ಡರ್ ಮಾಡಿದೆ, 1,900 ರೂಪಾಯಿ. ಅದು ಬರುವ ತನಕ ಗನ್ ಇಪ್ಪತ್ತು ನಿಮಿಷಕ್ಕೊಮ್ಮೆ ಕೈ ಬದಲಾಗುತ್ತಿದೆ, ಗಡಿಯಾರ ನೋಡುವ ಕೆಲಸ ಡ್ರಮ್ಮಿನ ಬಳಿ ನಿಲ್ಲುವವನದು.